ಗಾಜಿಲ್ಲದ ಮತ್ಸ್ಯಾಲಯ: ಬಳಸುವ ಮುನ್ನ ಓದಿಕೊಳ್ಳಿ



ಮಿಕ್ಸಿ ಕೊಂಡರೆ ಡಬ್ಬದ ತಳದಲ್ಲೊಂದು ಪುಸ್ತಕ ಸಿಗುತ್ತದೆ. ಏಳೆಂಟು ಭಾಷೆಯಲ್ಲಿ ಅಚ್ಚಾಗಿರುತ್ತದೆ, ಒಂದರಲ್ಲೂ ಯಾರೂ ಓದುವುದಿಲ್ಲ. ಮೋಟಾರು ಸುಟ್ಟ ವಾಸನೆ ಬಂದ ಮೇಲೆ ಮನೆಯೆಲ್ಲ ಹುಡುಕುತ್ತಾರೆ. ಇದೂ ಅದೇ ಜಾತಿಯ ಪುಸ್ತಕ. ಮತ್ಸ್ಯಾಲಯಕ್ಕೆ ಬಂದ ಜನಕ್ಕೆ ಮೀನಿನ ವಿಷಯ ಹೇಳಿಕೊಡುವವರು ಇರುತ್ತಾರಲ್ಲ, ಅವರ ಬೆನ್ನಿಗೆ ಕೆಲವು ದಿನ ಅಂಟಿಕೊಂಡು ತಿರುಗಿ, ಕಂಡದ್ದನ್ನು ಬರೆದು ಕಾಲೇಜಿಗೆ ಒಪ್ಪಿಸಬೇಕಾದ ಬಡಪಾಯಿ ವಿದ್ಯಾರ್ಥಿಗಳಿಗೆಂದು ತಯಾರಿಸಿದ್ದು. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಪ್ರಾಣಿಶಾಸ್ತ್ರದ ಪ್ರಾಜೆಕ್ಟಿಗಾಗಿ ನಾನು ಒಂಬತ್ತು ದಿನ ಹೀಗೆ ತಿರುಗಿದ್ದೇನೆ. ನನಗೆ ಕೈಪಿಡಿ ಸಿಕ್ಕಿರಲಿಲ್ಲ. ಮೋಟಾರು ಎರಡನೇ ದಿನವೇ ಸುಟ್ಟಿತು. ಅದನ್ನು ಮುಂದೆ ಹೇಳುತ್ತೇನೆ.

ಡಬ್ಬದಲ್ಲಿ ಏನೇನಿದೆ

ಮೊದಲು ಒಂದು ಮತ್ಸ್ಯಾಲಯ ಬೇಕು. ನಮ್ಮ ಮೇಷ್ಟ್ರ ಮನಸ್ಸಿನಲ್ಲಿದ್ದದ್ದು ಬೆಂಗಳೂರಿನ ಕಬ್ಬನ್ ಪಾರ್ಕ್ ಪಕ್ಕದ ಸರ್ಕಾರಿ ಮತ್ಸ್ಯಾಲಯ, 1983ರಲ್ಲಿ ತೆರೆದದ್ದು. ಕೊಪ್ಪದಿಂದ ರಾತ್ರಿ ಬಸ್ಸು, ಉಳಿಯಲು ಚಿಕ್ಕಮ್ಮನ ಮನೆ, ಚಿಕ್ಕಮ್ಮನ ಮನೆಯಲ್ಲಿ ಪರೀಕ್ಷೆಗೆ ಓದುವ ಎರಡು ಮಕ್ಕಳು. ಲೆಕ್ಕ ಎಲ್ಲೂ ಹೊಂದಲಿಲ್ಲ. ಅಪ್ಪ ಪೇಪರಿನಿಂದ ತಲೆಯೆತ್ತದೆ "ಶೃಂಗೇರೀಲಿ ಮೀನಿಲ್ವಾ?" ಅಂದರು. ಪ್ರಾಜೆಕ್ಟ್ ಮಂಜೂರಾಯಿತು.

ಗಾಜಿನ ಹಿಂದೆ ಮೀನಿಟ್ಟು ಜನಕ್ಕೆ ತೋರಿಸುವ ಮನೆಯನ್ನು ಮೊದಲು ಕಟ್ಟಿದ್ದು ಲಂಡನ್ ಮೃಗಾಲಯದವರು, 1853ರಲ್ಲಿ. ಶಾರದಾಂಬೆ ದೇವಸ್ಥಾನದ ಮಗ್ಗುಲಲ್ಲಿ ತುಂಗೆಗೆ ಇಳಿಯುವ ಮೆಟ್ಟಿಲುಗಳಲ್ಲಿ ಗಾಜೂ ಇಲ್ಲ, ಟಿಕೆಟ್ಟೂ ಇಲ್ಲ. ಡಬ್ಬ ಬಿಚ್ಚಿದರೆ ಇಷ್ಟು ಸಿಗುತ್ತದೆ: ಹೊಳೆ ಒಂದು, ಮೆಟ್ಟಿಲು ಬೇಕಾದಷ್ಟು, ಮೀನು ಎಣಿಸಲಾಗದಷ್ಟು. ಸಿಗದಿರುವುದು: ಟ್ಯಾಂಕು, ಗುಳ್ಳೆ ಬಿಡುವ ಪಂಪು, ಮತ್ತು ಪಾಠ ಹೇಳಲೆಂದು ನೇಮಕಗೊಂಡ ಮನುಷ್ಯ. ಹಾಗಾದರೆ ಯಾರ ಹಿಂದೆ ತಿರುಗುವುದು ಎಂದು ಗಾಬರಿ ಬೇಡ. ಅವರು ಅಲ್ಲೇ ಇದ್ದಾರೆ. ತಾವು ಪಾಠ ಹೇಳುತ್ತಿದ್ದೇವೆಂದು ಅವರಿಗೆ ಯಾರೂ ಹೇಳಿಲ್ಲ, ಅಷ್ಟೆ.

ನೀವು ತರಬೇಕಾದದ್ದು ನೋಟ್‌ಬುಕ್ಕು ಮತ್ತು ಪೆನ್ಸಿಲ್ಲು. ಪೆನ್ನು ಬೇಡ, ನೀರು ಸಿಡಿದರೆ ಶಾಯಿ ಹರಡುತ್ತದೆ. ಬುತ್ತಿಯೂ ಬೇಡ, ಮಧ್ಯಾಹ್ನಕ್ಕೆ ಮಠದ ಊಟ ಇದೆ. ಕೊಪ್ಪದಿಂದ ಹರಿಹರಪುರದ ಮೇಲೆ ಬಸ್ಸು. ಅಮ್ಮನ ಕಾಲಕ್ಕಾಗಿದ್ದರೆ ಸಹಕಾರ ಸಾರಿಗೆ ಎಂದೇ ಬರೆಯುತ್ತಿದ್ದೆ. ಕೆಲಸ ಕಳೆದುಕೊಂಡ ಬಸ್ ನೌಕರರೇ ಸೇರಿ 1991ರಲ್ಲಿ ಕಟ್ಟಿ ನಡೆಸಿದ ಆ ಕಂಪನಿ 2020ರಲ್ಲಿ ನಿಂತಿತು. ಈಗ ಸಿಕ್ಕಿದ್ದಕ್ಕೆ ಹತ್ತಿ.

ಎಚ್ಚರಿಕೆ: ಹಿಂದಿನ ರಾತ್ರಿ ಮನೆಯಲ್ಲಿ ಮೀನು ಸಾರು ಉಂಡಿದ್ದರೆ ಮೀನುಗಳಿಗೆ ಗೊತ್ತಾಗುವುದಿಲ್ಲ. ಮೆಟ್ಟಿಲ ಮೇಲೆ ಕೂತ ಅಜ್ಜನಿಗೆ ಗೊತ್ತಾಗುತ್ತದೆ.

ಜೋಡಿಸುವ ಕ್ರಮ

ಮೊದಲ ದಿನ ಮಂಡಕ್ಕಿ ಮಾರುವ ಅಕ್ಕನ ಬಳಿ ನಿಲ್ಲಿ. ಎರಡು ಹೆಜ್ಜೆ ಹಿಂದೆ, ಎಡಕ್ಕೆ. ಬಲಕ್ಕೆ ನಿಂತರೆ ಚಿಲ್ಲರೆ ಡಬ್ಬಕ್ಕೆ ಅಡ್ಡ.

ಅಕ್ಕನಿಗೆ ಬರುವವರ ಊರು ಕೇಳುವ ಅಗತ್ಯವಿಲ್ಲ. "ಪುರಿ ಕೊಡಿ" ಅಂದರೆ ಬೆಂಗಳೂರು, ಮೈಸೂರು ಕಡೆಯವರು. "ಮಂಡಕ್ಕಿ" ಅಂದರೆ ನಮ್ಮವರು, ಇಲ್ಲ ಶಿವಮೊಗ್ಗ, ದಾವಣಗೆರೆ. "ಚುರುಮುರಿ" ಅಂದರೆ ಹುಬ್ಬಳ್ಳಿ, ಧಾರವಾಡ. ಏನೂ ಅನ್ನದೆ ಬೆರಳು ತೋರಿಸಿದರೆ ಬೇರೆ ರಾಜ್ಯ. ಊರು ತಿಳಿದ ಮೇಲೆ ಪಾಠ ಆ ಊರಿನ ಮಾತಿನಲ್ಲೇ ಸಾಗುತ್ತದೆ. ಧಾರವಾಡದ ಮಗುವಿಗೆ "ಒಮ್ಮೆಲೆ ಒಗೀಬ್ಯಾಡಪಾ" ಎಂದು ಆಕೆ ಹೇಳಿದ್ದನ್ನು ಕೇಳಿದ್ದೇನೆ. ಆಕೆ ಕೊಪ್ಪ ತಾಲ್ಲೂಕು ದಾಟಿದ್ದು ಎರಡೇ ಸಲವಂತೆ.

ಪಾಠ ಇಷ್ಟೇ. ಮಗುವಿನ ಮುಷ್ಟಿಗೆ ಮಂಡಕ್ಕಿ ತುಂಬಿ, ಮುಷ್ಟಿಯನ್ನು ತನ್ನ ಕೈಯಿಂದ ಮುಚ್ಚಿ, "ಒಂದೊಂದೇ ಬಿಡು ಮಗಾ. ಒಟ್ಟಿಗೆ ಸುರಿದ್ರೆ ದೊಡ್ಡದು ನುಂಗುತ್ತೆ, ಸಣ್ಣದಕ್ಕೆ ಎಂತ ಸಿಗುತ್ತೆ?" ಮಗು ಒಂದು ಕಾಳು ಬಿಡುತ್ತದೆ. ನೀರಿನ ಕೆಳಗೆ ಕಪ್ಪಗೆ ಏನೋ ತಿರುಗುತ್ತದೆ. ಎರಡನೇ ಕಾಳಿಗೆ ಬೆನ್ನು ಕಾಣುತ್ತದೆ, ಅಂಗೈ ಅಗಲಕ್ಕೆ ಹತ್ತಿರದ ಹುರುಪೆಗಳು, ಹಳೆ ಹಿತ್ತಾಳೆಯ ಬಣ್ಣ. ಮೂರನೆಯದಕ್ಕೆ ಬಾಯಿ: ದಪ್ಪ ತುಟಿ, ಅಂಚಿನಲ್ಲಿ ಎರಡು ಜೊತೆ ಮೀಸೆ. ಮಗು ಬೆರಳು ಕೊಡುತ್ತದೆ, ಮೀನು ಬೆರಳನ್ನು ಚೀಪಿ ಬಿಡುತ್ತದೆ. ಕಿರುಚಾಟ, ನಗು, ಅಮ್ಮನ ಮೊಬೈಲು. ರಕ್ತವಿಲ್ಲ.

ರಕ್ತ ಯಾಕಿಲ್ಲ ಅನ್ನುವುದು ನಿಮ್ಮ ಪಠ್ಯದಲ್ಲಿದೆ. ಈ ಬಳಗದ ಮೀನಿಗೆ ದವಡೆಯಲ್ಲಿ ಹಲ್ಲಿಲ್ಲ. ಹಲ್ಲಿರುವುದು ಗಂಟಲಲ್ಲಿ, ನುಂಗಿದ್ದನ್ನು ಅಲ್ಲಿ ಅರೆಯುತ್ತದೆ. ಜಠರವೂ ಇಲ್ಲ, ಅರೆದದ್ದು ನೇರ ಕರುಳಿಗೆ. ಇದನ್ನು ಅಕ್ಕನಿಗೆ ಹೇಳಿದೆ. ಆಕೆ ಮಂಡಕ್ಕಿ ಅಳೆಯುವ ಪಾವು ಕೆಳಗಿಟ್ಟು, "ಹೊಟ್ಟೆ ಇಲ್ದೇ ಇಷ್ಟು ತಿಂತಾವಾ?" ಅಂದಳು. ಮರುದಿನ ಅದೇ ಮಾತು ಆಕೆಯ ಪಾಠದಲ್ಲಿತ್ತು: "ಇವಕ್ಕೆ ಹೊಟ್ಟೆ ಇಲ್ಲ ಮಗಾ, ಗಂಟಲಲ್ಲಿ ಹಲ್ಲು." ಕೇಳಿದ ಮಕ್ಕಳೆಲ್ಲ ತಮ್ಮ ಗಂಟಲು ಮುಟ್ಟಿ ನೋಡಿಕೊಂಡರು. ಒಂಬತ್ತು ದಿನದಲ್ಲಿ ಮೀನಿನ ಬಗ್ಗೆ ನಾನು ಯಾರಿಗಾದರೂ ಏನಾದರೂ ಕಲಿಸಿದ್ದರೆ ಅದು ಇಷ್ಟು, ಅದೂ ಬೇರೆಯವರ ಬಾಯಲ್ಲಿ.

ಮೋಟಾರು ಸುಟ್ಟದ್ದು

ಎರಡನೇ ದಿನ ಅಕ್ಕ ಚಹಾಕ್ಕೆ ಹೋಗಿದ್ದಳು. ಒಂದು ಸಂಸಾರ ಬಂತು, ಆರು ಜನ. ನನ್ನೊಳಗಿನ ವಿದ್ವಾಂಸಳು ಎದ್ದಳು. ಇದು ಡೆಕ್ಕನ್ ಮಹಶೀರ್, ವೈಜ್ಞಾನಿಕ ಹೆಸರು ಟಾರ್ ಖುದ್ರೀ, 1839ರಲ್ಲಿ ಸೈಕ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ ಪುಣೆ ಸೀಮೆಯ ಹೊಳೆಯ ಮೀನು ನೋಡಿ ಹೆಸರಿಟ್ಟದ್ದು, ಮಳೆಗಾಲದಲ್ಲಿ ಪ್ರವಾಹಕ್ಕೆ ಎದುರಾಗಿ ಈಜಿ ಮೇಲಿನ ಹೊಳೆಯಲ್ಲಿ ಮೊಟ್ಟೆಯಿಡುತ್ತದೆ... ರೆಕ್ಕೆಯ ಬಣ್ಣಕ್ಕೆ ಬರುವಾಗ ತಲೆಯೆತ್ತಿ ನೋಡಿದೆ. ಆರೂ ಜನ ಸೇತುವೆಯ ಮೇಲಿದ್ದರು. ಉಳಿದವರು ಅಜ್ಜ ಒಬ್ಬರೇ.

"ಸರಿಯಾಗೇ ಹೇಳಿರಬೇಕು ಕೂಸೇ. ಯಾರಿಗೆ ಹೇಳಿದ್ದು?"

ಸರಿಯಾಗಿಯೂ ಹೇಳಿರಲಿಲ್ಲ. ಸಂಜೆ ಫೋಟೋ ನೋಡಿದ ಮೇಷ್ಟ್ರು, ನಾನು ಬೆರಳು ತೋರಿಸಿದ ಮೀನು ಮಹಶೀರೇ ಅಲ್ಲ, ಅದರ ಪಕ್ಕದ ಕರ್ನಾಟಕ ಗೆಂಡೆ ಎಂದು ಸಂದೇಶ ಕಳಿಸಿದರು. ಅದು ನಮ್ಮ ರಾಜ್ಯದ ಅಧಿಕೃತ ಮೀನು. ನಾನು ಗುರುತಿಸಿರಲಿಲ್ಲ. ನೀವು ಹಾಗೆ ಬೀಳದಿರಲು: ಪಕ್ಕೆಯ ಉದ್ದಕ್ಕೆ ಓಡುವ ಗೆರೆಯ ಮೇಲಿನ ಹುರುಪೆ ಎಣಿಸಿ. ಈ ಮಹಶೀರಿಗೆ 25ರಿಂದ 27, ಗೆಂಡೆಗೆ ಇನ್ನೂ ಕೆಲವು ಜಾಸ್ತಿ. ಮೀನು ನಿಂತುಕೊಡುವುದಿಲ್ಲ, ಫೋಟೋದಲ್ಲಿ ಎಣಿಸಿ.

ನೆರಳಾಗಿ ಬಂದ ಹುಡುಗಿ ಯಾಕೆ ಭಾಷಣ ಮಾಡಿದಳು ಎಂದು ಅಜ್ಜ ಬಯ್ಯಲಿಲ್ಲ. "ನೆರಳಿಗೆ ಬಾಯಿ ಇರೋದನ್ನ ನಾ ನೋಡಿಲ್ಲ" ಅಂದರು, ಅಷ್ಟೇ. ನಿವೃತ್ತ ಶಾಲಾ ಮೇಷ್ಟ್ರು. ಬೆಳಗ್ಗೆ ಸ್ನಾನ ಮುಗಿಸಿ ಬಂದು ಬಿಸಿಲು ಏರುವ ತನಕ ಅದೇ ಮೆಟ್ಟಿಲಲ್ಲಿ ಕೂರುತ್ತಾರೆ. ಮೂರನೇ ದಿನದಿಂದ ಅವರ ಹಿಂದೆ ಕೂತೆ. ಮಾತಾಡಲಿಲ್ಲ.

ಪದೇ ಪದೇ ಬರುವ ತೊಂದರೆಗಳು

"ಕಚ್ಚುತ್ತಾ?" ಎಲ್ಲಕ್ಕಿಂತ ಹೆಚ್ಚು ಸಲ ಬರುವ ಪ್ರಶ್ನೆ. ಉತ್ತರ ಹೇಳಬೇಡಿ, ಬೆರಳು ಕೊಡಲು ಹೇಳಿ.

"ತಿನ್ನಬಹುದಾ?" ಇದನ್ನು ಕೇಳುವವರು ಹೆಚ್ಚಾಗಿ ಗಂಡಸರು, ಹೆಂಡತಿ ಸ್ವಲ್ಪ ದೂರದಲ್ಲಿದ್ದಾಗ. ಅಕ್ಕನ ಉತ್ತರವನ್ನೇ ಬಳಸಿ: "ಮಂಡಕ್ಕಿನಾ? ತಿನ್ನಿ, ಹಸಿ ಮೆಣಸು ಹಾಕಿ ಕೊಡ್ಲಾ?"

"ಎಷ್ಟು ವಯಸ್ಸು?" ಹುರುಪೆಯೊಂದನ್ನು ಕಿತ್ತು ಭೂತಗನ್ನಡಿಯಲ್ಲಿ ನೋಡಿದರೆ ಮರದ ದಿಮ್ಮಿಯಲ್ಲಿದ್ದ ಹಾಗೆ ಬಳೆಬಳೆ ಕಾಣುತ್ತದೆ, ಲೆಕ್ಕ ಹಾಕಬಹುದು. ಇಲ್ಲಿ ಕೀಳುವ ಹಾಗಿಲ್ಲ. ಹಾಗಾಗಿ ಮೆಟ್ಟಿಲ ಬಳಿ ಮೀನು ಕಾಯುವ ವಾಚರ್ ಅಣ್ಣ ಎಲ್ಲ ಮೀನಿಗೂ "ನಿಮ್ಮಷ್ಟೇ" ಎನ್ನುತ್ತಾನೆ. ಅರವತ್ತು ದಾಟಿದ ಹೆಂಗಸೊಬ್ಬರಿಗೂ ಹೀಗೇ ಹೇಳಿ ಬಯ್ಸಿಕೊಂಡ.

ನೊರೆ ಕಂಡರೆ ಅಣ್ಣನ ವಿಶಲ್ಲಿನ ಸದ್ದೇ ಬೇರೆ. ಯಾರೋ ಸೋಪು ತೆಗೆದಿರುತ್ತಾರೆ. 2025ರ ಮಾರ್ಚಿನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ತೀರ್ಥಕ್ಷೇತ್ರಗಳ ನದಿ, ಕೆರೆಗಳಿಂದ 500 ಮೀಟರಿನೊಳಗೆ ಸೋಪು, ಶಾಂಪೂ ಮಾರದಂತೆ ಕ್ರಮಕ್ಕೆ ಸೂಚಿಸಿದರು. ಮಾರದಿದ್ದರೂ ಮನೆಯಿಂದ ಬಚ್ಚಲ ಡಬ್ಬವನ್ನೇ ಕಟ್ಟಿಕೊಂಡು ಬರುವವರಿಗೆ ಯಾವ ಸೂಚನೆ ತಾಗುತ್ತದೆ? ಅಣ್ಣನ ವಿಶಲ್ ತಾಗುತ್ತದೆ. ಅವನು ಬಯ್ಯುವುದಿಲ್ಲ. ಹತ್ತಿರ ಹೋಗಿ "ಸಾರ್, ಮೀನಿಗೆ ಕಣ್ಣುರೀತದೆ" ಎನ್ನುತ್ತಾನೆ. ಮೀನಿಗೆ ರೆಪ್ಪೆಯಿಲ್ಲವೆಂದು ನಾನು ಪರೀಕ್ಷೆಗೆ ಓದಿದ್ದೆ; ಅದನ್ನು ಹೀಗೆ ಬಳಸಬಹುದು ಎಂದು ಹೊಳೆದಿರಲಿಲ್ಲ.

ಇನ್ನೊಂದು ಪ್ರಶ್ನೆ ಒಂದೇ ಸಲ ಬಂತು. ಏಳೆಂಟು ವರ್ಷದ ಹುಡುಗ, ಕನ್ನಡಕ. ಮಂಡಕ್ಕಿ ಹಾಕುವುದು ಬಿಟ್ಟು ಸುಮಾರು ಹೊತ್ತು ನೋಡಿ, "ಬಲೆ ಇಲ್ಲ, ಗಾಜಿಲ್ಲ. ಮತ್ತೆ ಇವು ಯಾಕೆ ಓಡಿ ಹೋಗಲ್ಲ?" ಅಂದ.

ಅಜ್ಜ ತಿರುಗಿ ಕೂತರು. "ಹೋಗ್ತಾವಪ್ಪ. ಮತ್ತೆ ಬರ್ತಾವೆ."

"ಯಾಕೆ ಬರ್ತಾವೆ?"

"ಇಲ್ಲಿ ಯಾರೂ ಹಿಡಿಯಲ್ಲ."

"ಯಾಕೆ ಹಿಡಿಯಲ್ಲ?"

ಅಜ್ಜ ಕೈ ಹಿಡಿದು ಹುಡುಗನನ್ನು ಹೊಳೆ ದಂಡೆಯ ಕಪ್ಪೆ ಶಂಕರದ ಹತ್ತಿರ ಕರೆದೊಯ್ದರು. ನಾನು ಎರಡು ಹೆಜ್ಜೆ ಹಿಂದೆ. ಅಲ್ಲಿಯ ಕಥೆ ಎಲ್ಲರಿಗೂ ಗೊತ್ತು: ಸುಡು ಬಿಸಿಲಲ್ಲಿ ಹೆರಿಗೆಯ ನೋವು ತಿನ್ನುತ್ತಿದ್ದ ಕಪ್ಪೆಗೆ ಹಾವು ಹೆಡೆಯೆತ್ತಿ ನೆರಳು ಕೊಟ್ಟದ್ದು, ಅದನ್ನು ಕಂಡ ಶಂಕರಾಚಾರ್ಯರು ಇಲ್ಲೇ ನೆಲೆ ಮಾಡಿದ್ದು. ಹುಡುಗ ಕೇಳಿ ಮುಗಿಸಿ, "ಹಾವಿಗೆ ಆಗ ಹಸಿವಾಗಿತ್ತಾ?" ಅಂದ. ಅಜ್ಜನಿಗೆ ಉತ್ತರ ಇರಲಿಲ್ಲ. ಅವತ್ತಿನಿಂದ ಕಥೆ ಹೇಳುವಾಗ ಅವರು "ಹಸಿದ ಹಾವು" ಎಂದೇ ಹೇಳುತ್ತಾರೆ. ಹಾಗೆ ಹೇಳಿದರೇ ಕಥೆ ಗಟ್ಟಿ ಎಂದು ನನಗೂ ಅನ್ನಿಸಿತು.

ಗಾಜು ಎಲ್ಲಿದೆ

ಐದನೇ ದಿನ ವಾಚರ್ ಅಣ್ಣ ಹೊಳೆಯ ಕೆಳಗಿನ ತಿರುವಿಗೆ ಕೈ ಮಾಡಿ ತೋರಿಸಿದ. "ಅಲ್ಲಿ ತನಕ ದೇವರ ಮೀನು. ಆಚೆ ಹೋದ್ರೆ ಬರೀ ಮೀನು." ನೀರಿನಲ್ಲಿ ಗೆರೆಯಿಲ್ಲ. ಮೀನಿಗೆ ಗೆರೆ ಗೊತ್ತಿಲ್ಲ. ಗೊತ್ತಿರುವುದು ಎರಡೂ ದಡದ ಜನಕ್ಕೆ, ಅವರು ಒಪ್ಪಿಕೊಂಡಿರುವಷ್ಟು ದಿನ. ಈ ಮತ್ಸ್ಯಾಲಯದ ಗಾಜು ಇದೇ; ಒಡೆದರೆ ಸದ್ದಾಗುವುದಿಲ್ಲ.

ಒಡೆದದ್ದಿದೆ. ಈ ಉಪಕರಣಕ್ಕೆ ಬೇರೆ ಶಾಖೆಗಳೂ ಉಂಟು: ಇದೇ ತುಂಗೆಯ ಮೇಲೆ ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆ, ಕಾವೇರಿಯ ರಾಮನಾಥಪುರ, ಘಟ್ಟದ ಕೆಳಗೆ ಕಪಿಲೆಯ ಶಿಶಿಲ. ಶಿಶಿಲದಲ್ಲಿ 1996ರಲ್ಲಿ ದುಷ್ಕರ್ಮಿಗಳು ನೀರಿಗೆ ವಿಷ ಹಾಕಿ ಸಾವಿರಾರು ಮೀನು ಸತ್ತವು. ಊರವರು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದ್ದಾರೆ. ಅಜ್ಜ ಇದನ್ನು ಪ್ರವಾಸಿಗಳಿಗೆ ಹೇಳುವುದಿಲ್ಲ, ನನಗೆ ಹೇಳಿದರು.

ಅವತ್ತೇ ಇನ್ನೊಂದೂ ಹೇಳಿದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಮಾನಸೋಲ್ಲಾಸ ಬರೆದನಲ್ಲ, ಅದರಲ್ಲಿ ಮತ್ಸ್ಯವಿನೋದ ಎಂದೇ ಒಂದು ಭಾಗವಿದೆ: ಯಾವ ಯಾವ ಮೀನು, ಯಾವುದಕ್ಕೆ ಎಂಥ ಮೇವು, ಗಾಳ ಹೇಗೆ. "ಹಿಡಿಯೋದಕ್ಕೆ ರಾಜನೇ ಪುಸ್ತಕ ಬರೆದಿದ್ದಾನೆ ಕೂಸೇ. ಹಿಡೀದೆ ಇರೋದಕ್ಕೆ ಯಾರೂ ಬರೆದಿಲ್ಲ." ನಿಮ್ಮ ಕೈಯಲ್ಲಿರುವ ಈ ಕೈಪಿಡಿಗೆ ಕಾರಣ ಈ ಮಾತು. ಮಿಕ್ಸಿ ಬರೀ ನೆಪ.

ಬಿಡಿಭಾಗ: ನರಸಿಂಹರಾಜಪುರ

"ಬಿಡೋರನ್ನ ನೋಡಿ ಆಯ್ತು, ಹಿಡಿಯೋರನ್ನೂ ನೋಡು" ಎಂದು ಅಜ್ಜ ಕಳಿಸಿದ್ದರಿಂದ ಏಳನೇ ದಿನ ಎನ್.ಆರ್. ಪುರ. ಹಳಬರು ಎಡೇಹಳ್ಳಿ ಎನ್ನುವ ಊರು. ಒಂದು ಕಾಲಕ್ಕೆ ತರೀಕೆರೆಯಿಂದ ಇಲ್ಲಿಗೆ ಪುಟಾಣಿ ರೈಲಿತ್ತು ಎಂದರೆ ನಮ್ಮ ವಯಸ್ಸಿನವರು ನಂಬುವುದಿಲ್ಲ. ಈಗ ಊರಿನ ಗುರುತು ಭದ್ರಾ ಹಿನ್ನೀರು. ಲಕ್ಕವಳ್ಳಿಯ ಅಣೆಕಟ್ಟು ತುಂಬಿದರೆ ಲೆಕ್ಕ 186 ಅಡಿ. ಆ ಅಂಕಿಯನ್ನು ಇಲ್ಲಿಯ ಜನ ಮಕ್ಕಳ ಜ್ವರದ ಅಂಕಿಯಂತೆ ದಿನಾ ವಿಚಾರಿಸುತ್ತಾರೆ.

ಬೆಳಗಿನ ಮಂಜಿನಲ್ಲಿ ತೆಪ್ಪ ದಡಕ್ಕೆ ಬಂತು. ಬಲೆಯಲ್ಲಿ ಕಾಟ್ಲ, ರೋಹು, ಗಂಗೆಯ ಸೀಮೆಯ ಮೀನುಗಳು, ಮರಿ ತಂದು ಬಿಟ್ಟು ಬೆಳೆಸುವಂಥವು. ನೆರಳಿಗೆ ಬಾಯಿಲ್ಲ ಎನ್ನುವುದನ್ನು ಮರೆತು ನಾನು, "ಅಣ್ಣಾ, ಶೃಂಗೇರಿ ಮೀನು ಇಲ್ಲಿಗೆ ಬರುತ್ತಾ?" ಅಂದೆ.

"ಅದು ತುಂಗೆ, ಇದು ಭದ್ರೆ ಮಾರಾಯ್ತಿ. ಆ ಮೀನು ಇಲ್ಲಿಗೆ ಬರಬೇಕಾದ್ರೆ ಗಾಜನೂರು ಡ್ಯಾಮ್ ಇಳಿದು, ಕೂಡ್ಲಿಗೆ ಹೋಗಿ, ಅಲ್ಲಿಂದ ಭದ್ರೆ ಹಿಡ್ದು ವಾಪಸ್ ಬಂದು, ಲಕ್ಕವಳ್ಳಿ ಡ್ಯಾಮ್ ಹತ್ತಬೇಕು. ನಿಮ್ಮ ಕಾಲೇಜಲ್ಲಿ ಮ್ಯಾಪ್ ಇಲ್ವಾ?"

ಇದ್ದೇ ಇತ್ತು, ಗೋಡೆ ತುಂಬ. ಅದೇ ಪಾಠದಲ್ಲಿ ಇನ್ನೊಂದೂ ಸೇರಿತ್ತು: ಮೊಟ್ಟೆಯಿಡಲು ಹೊಳೆ ಹತ್ತುವ ಮೀನಿಗೆ ಅಣೆಕಟ್ಟು ಎಂದರೆ ಏನು ಎಂಬುದು. ಅವನು ಅದನ್ನು ವಿವರಿಸಲಿಲ್ಲ. ಡ್ಯಾಮ್ ಹತ್ತುವುದನ್ನು ಹೇಳುವಾಗ ಅಂಗೈಯನ್ನು ಗೋಡೆಗೆ ಒತ್ತಿದ ಹಾಗೆ ಗಾಳಿಯಲ್ಲಿ ನಿಲ್ಲಿಸಿದ, ಅಷ್ಟು ಸಾಕಾಯಿತು.

ಆಮೇಲೆ ಬಲೆ ಬಿಡಿಸುತ್ತ ಕೂತ. ಬೆರಳುದ್ದದವು ಸಿಕ್ಕಿದರೆ ತಲೆಯೆತ್ತದೆ ನೀರಿಗೆ ಎಸೆಯುತ್ತಿದ್ದ. ಯಾಕೆ ಎಂದು ಕೇಳಲಿಲ್ಲ, ಅಷ್ಟರಲ್ಲಿ ಬುದ್ಧಿ ಬಂದಿತ್ತು. ಅವನೇ ಬಲೆ ಎತ್ತಿ ತೋರಿಸಿದ. "ಕಣ್ಣು ದೊಡ್ಡದಿರಬೇಕು. ಸಣ್ಣ ಕಣ್ಣಿನ ಬಲೆ ಹಾಕಿದೋನು ಮುಂದಿನ ವರ್ಷದ್ದನ್ನ ಈ ವರ್ಷ ತಿಂದ."

ಮನೆಯಲ್ಲಿ ಬಳಸುವಾಗ

ಈ ಭಾಗವನ್ನು ಬಿಟ್ಟುಬಿಡೋಣವೆಂದಿದ್ದೆ. ನಮ್ಮ ಮನೆಯ ಅಟ್ಟದಲ್ಲಿ ಒಂದು ಕೂಣಿ ಇದೆ, ಮೀನು ಹಿಡಿಯಲು ಮುತ್ತಜ್ಜ ಬಿದಿರಿನಲ್ಲಿ ಹೆಣೆದದ್ದು, ಹೊಗೆ ಹಿಡಿದು ಕಾಫಿ ಬೀಜದ ಬಣ್ಣವಾಗಿದೆ. ಜೂನಿನ ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಹತ್ತುತ್ತವೆ. ಹತ್ತುಮೀನು ಎಂದರೆ ಮಲೆನಾಡಿನ ಮನೆಗಳಲ್ಲಿ ಕೊಡೆ, ಲಾಟೀನು, ನಡುರಾತ್ರಿಯ ಹುಮ್ಮಸ್ಸು. ಹತ್ತುವುದು ಮೊಟ್ಟೆಯಿಡಲಿಕ್ಕೆ. ಸಾರಿನಲ್ಲಿ ಮೊಟ್ಟೆ ಸಿಕ್ಕಿದವರು ಪುಣ್ಯವಂತರು, ಸಣ್ಣವಳಿದ್ದಾಗ ಆ ಪುಣ್ಯ ನನಗೆ ಬಹಳ ಸಲ ಬಂದಿದೆ.

ಪ್ರಾಜೆಕ್ಟ್ ವರದಿಯಲ್ಲಿ ಇದನ್ನು ಬರೆಯಲಿಲ್ಲ. ಅಜ್ಜನಿಗೆ ಕೊನೆಯ ದಿನ ಹೇಳಿದೆ. "ಗೊತ್ತು. ಮೊದಲನೇ ದಿನವೇ ವಾಸನೆ ಬಂದಿತ್ತು" ಅಂದರು. ಆಮೇಲೆ, "ಕೂಣಿ ಎಷ್ಟು ದೊಡ್ಡದು?" ಎಂದು ಕೇಳಿದರು. ಕೈ ಅಗಲಿಸಿ ತೋರಿಸಿದೆ. "ನಮ್ಮೂರಲ್ಲಿ ಅದಕ್ಕಿಂತ ದೊಡ್ಡದು ಹೆಣೀತಿದ್ರು" ಅಂದರು. ಇಬ್ಬರೂ ಸ್ವಲ್ಪ ಹೊತ್ತು ನೀರು ನೋಡಿದೆವು.

ನಿರ್ವಹಣೆ ಮತ್ತು ರಜೆ

ಮಳೆಗಾಲದಲ್ಲಿ ಉಪಕರಣ ಕೆಲಸ ಮಾಡುವುದಿಲ್ಲ. ತುಂಗೆ ಕೆಂಪಾಗಿ ಮೆಟ್ಟಿಲು ನುಂಗುತ್ತಾಳೆ, ಗಾಂಧಿ ಮೈದಾನಕ್ಕೆ ನೀರು ನುಗ್ಗುತ್ತದೆ, ಕಪ್ಪೆ ಶಂಕರ ಮುಳುಗಿತು ಎಂದು ಪೇಪರಿನಲ್ಲಿ ಫೋಟೋ ಬರುತ್ತದೆ. ಅದೇ ರಜೆಯ ಸುತ್ತೋಲೆ. ಆ ದಿನಗಳಲ್ಲಿ ಬಂದು ಮೀನೆಲ್ಲಿ ಎಂದು ವಾಚರ್ ಅಣ್ಣನನ್ನು ಪೀಡಿಸಬೇಡಿ. ಅಕ್ಕ ಆಗ ಮಂಡಕ್ಕಿ ತರುವುದಿಲ್ಲ, ಮನೆಯಲ್ಲಿ ಹಪ್ಪಳ ಮಾಡುತ್ತಾಳೆ.

ಉಳಿದ ದಿನ ಬಂದರೆ ಒಂದು ಮುಷ್ಟಿ ಸಾಕು, ಎರಡನೆಯದು ನಿಮ್ಮ ಫೋಟೋಕ್ಕೆ. ಖಾಲಿ ಕವರನ್ನು ಅಕ್ಕನ ಕೈಗೇ ವಾಪಸ್ ಕೊಡಿ, ಆಕೆ ಎಣಿಸಿ ಇಟ್ಟುಕೊಂಡಿರುತ್ತಾಳೆ.